ಸವರಿಯಪ್ಪನ ಹೆಸರಿನ ಪೂಜೆ

ಗಂಡ ತೀರಿಕೊಂಡು ವರ್ಷ ತುಂಬುವುದು ಹತ್ತಿರವಾದಂತೆ ಸುಗುಣಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹುಣಸೂರಿನ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುವಳು, ಯಾಕೆ ಬಂದೆನೆಂದು ಮರೆತು ಹಿಂದಿರುಗುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ತಾನು ಪಾಠ ಮಾಡುವ ಗಾವಡಗೆರೆಯ ಶಾಲೆಯಲ್ಲಿ ಬಿಡಿಸಿದ ಲೆಕ್ಕವನ್ನೇ ಮತ್ತೆ ಬೋರ್ಡಿನ ಮೇಲೆ ಬರೆದು, ಮಕ್ಕಳು ಕಿಸಕ್ಕನೆ ನಕ್ಕಾಗ ಎಚ್ಚರಗೊಳ್ಳುವಳು.

ಅತ್ತೆ ಆರೋಗ್ಯಮ್ಮ ಒಂದೇ ಮಾತು ಹಿಡಿದಿದ್ದರು. ಮಗನ ವರ್ಷದ ದಿನ ಚರ್ಚಿನಲ್ಲಿ ಅವನ ಹೆಸರಿಗೆ ಬಲಿಪೂಜೆ, ಅಂದರೆ ಅವನ ಆತ್ಮಕ್ಕಾಗಿ ಗುರುಗಳು ನಡೆಸುವ ಆರಾಧನೆ, ಆಗಬೇಕು.

"ನೀನೇ ಓಗಿ ಸ್ವಾಮ್ಯೋರ್ಗೆ ಯೋಳ್ಬುಟ್ಟು ಬಾ ಮಗ. ಎಂಡ್ತಿ ಬಾಯಲ್ಲಿ ಬಂದ್ರೆ ಅದೇ ಚೆಂದ."

ಸುಗುಣ ಹೂಂ ಅಂದಿದ್ದಳು. ಆದರೆ ಹೋಗಿರಲಿಲ್ಲ. ದಿನಾ ಸಂಜೆ ಬಸ್ಸಿಳಿದು ಚರ್ಚಿನ ಗೇಟಿನ ಮುಂದೆಯೇ ನಡೆದು ಬರುವಳು. ಕಾಲು ಒಂದಿಷ್ಟು ನಿಧಾನವಾಗುವುದು, ಆಮೇಲೆ ತಾನಾಗಿ ಬಿರುಸಾಗುವುದು.

ಆರೋಗ್ಯಮ್ಮನ ಮನೆಯವರು ತಲೆತಲಾಂತರದಿಂದ ಕಥೋಲಿಕರು. ಸುಗುಣ ಹುಟ್ಟಿದ್ದು ಕೆ.ಆರ್. ನಗರದ ಪ್ರಾಟೆಸ್ಟೆಂಟ್ ಮನೆಯಲ್ಲಿ. ಅವಳ ತಂದೆ ದೇವದಾನ ಮಾಸ್ತರರು ನಿವೃತ್ತರಾದ ಮೇಲೆ ಸಭೆಯ ಹಿರಿಯರಾಗಿ, ಸಭೆಯ ಪಾದ್ರಿ ಅಯ್ಯನವರು ಊರಲ್ಲಿಲ್ಲದ ಭಾನುವಾರ ಪ್ರಸಂಗವನ್ನೂ ಮಾಡುತ್ತಿದ್ದರು. ಆ ಮನೆಯಲ್ಲಿ ಬದುಕಿರುವವರಿಗೆ ಪ್ರಾರ್ಥನೆ ಉಂಟು, ಸತ್ತವರಿಗೆ ಇಲ್ಲ. ಸತ್ತವರ ಲೆಕ್ಕ ಮುಗಿಯಿತು, ಅವರು ದೇವರ ಕೈಯಲ್ಲಿದ್ದಾರೆ, ಅವರಿಗಾಗಿ ಬೇಡುವುದೆಂದರೆ ದೇವರ ತೀರ್ಪಿನಲ್ಲಿ ಕೈಹಾಕಿದಂತೆ. ಸುಗುಣಳ ತಾಯಿ ತೀರಿಕೊಂಡಾಗಲೂ ಮಾಸ್ತರರು ಹೆಂಡತಿಯ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳಿದರೇ ಹೊರತು ಅವಳಿಗಾಗಿ ಏನನ್ನೂ ಕೇಳಿರಲಿಲ್ಲ.

ಸುಗುಣಳ ಗಂಡ ಸವರಿಯಪ್ಪ ಈ ಎರಡು ಮನೆಗಳ ನಡುವೆ ಸಿಕ್ಕಿದವನು. ಲಗೇಜ್ ಆಟೊ ಓಡಿಸುತ್ತಿದ್ದ. ರೈತರ ಮನೆಯಿಂದ ಹೊಗೆಸೊಪ್ಪಿನ ಬೇಲುಗಳನ್ನು, ಅಂದರೆ ಒತ್ತಿ ಕಟ್ಟಿದ ಮೂಟೆಗಳನ್ನು, ಹರಾಜು ಮಾರುಕಟ್ಟೆಗೆ ಸಾಗಿಸುವುದು ಅವನ ಕೆಲಸ. ಮದುವೆಯ ಮಾತುಕತೆಯಲ್ಲಿ ಯಾವ ಚರ್ಚು, ಯಾರ ಆಶೀರ್ವಾದ, ಹುಟ್ಟುವ ಮಕ್ಕಳಿಗೆ ಯಾವ ಬೈಬಲು ಎಂದು ಎರಡೂ ಕಡೆಯ ಹಿರಿಯರು ವಾರಗಟ್ಟಲೆ ಜಗ್ಗಾಡಿದ್ದರು. ಮದುವೆಯೇನೋ ಆಯಿತು, ಅಲ್ಲಿಂದಾಚೆ ಅವನು ಯಾವ ಚರ್ಚಿನ ಮೆಟ್ಟಿಲನ್ನೂ ಹತ್ತಲಿಲ್ಲ. ಸಿಟ್ಟಿನಿಂದಲ್ಲ. ನಗುತ್ತಲೇ, "ದೊಡ್ಡೋರು ಜಗಳ ಮುಗಿಸ್ಲಿ, ಆಮೇಲೆ ಬತ್ತೀನಿ" ಅನ್ನುತ್ತಿದ್ದ. ಭಾನುವಾರ ಎಲ್ಲರೂ ಪೂಜೆಗೆ ಹೊರಟರೆ ಅವನು ಬನಿಯನ್ನಿನಲ್ಲಿ ನಿಂತು ಆಟೊ ತೊಳೆಯುತ್ತಿದ್ದ.

ಹಾಗೇ ಒಂದು ದಿನ ಗುರುಪುರದ ಹತ್ತಿರ ನಿಂಗಯ್ಯ ಎಂಬ ರೈತರ ಅಂಗಳದಲ್ಲಿ ಬೇಲು ಏರಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಪಾಪನಿವೇದನೆ ಇಲ್ಲ, ಸಾಯುವವರಿಗೆ ಗುರುಗಳು ಹಚ್ಚುವ ಎಣ್ಣೆ ಇಲ್ಲ, ವರ್ಷಗಳಿಂದ ಒಂದು ಪ್ರಾರ್ಥನೆ ಇಲ್ಲ.

ಇದೇ ಸುಗುಣಳನ್ನು ಕೊರೆಯುತ್ತಿತ್ತು. ಫೋನಿನಲ್ಲಿ ಪೂಜೆಯ ಮಾತೆತ್ತಿದಾಗ ತಂದೆ ಸ್ಪಷ್ಟವಾಗಿ ಹೇಳಿದ್ದರು.

"ಸತ್ತವರಿಗಾಗಿ ಬೇಡೋ ಮಾತು ಬರೋದು ಮಕ್ಕಬಿಯರು ಅನ್ನೋ ಪುಸ್ತಕದಲ್ಲಿ ಕಣಮ್ಮ. ಅದು ಅವರ ಬೈಬಲಲ್ಲಿದೆ. ನಮ್ಮ ಸತ್ಯವೇದದಲ್ಲಿ ಇಲ್ಲ."

ಮದುವೆಯ ಹೊತ್ತಿನಲ್ಲಿ ಯಾವ ಪುಸ್ತಕ ಒಳಗಿದೆ, ಯಾವುದು ಹೊರಗಿದೆ ಎಂಬ ಜಗಳ ಅವಳ ಕಿವಿಯ ಮೇಲೆ ಸುಮ್ಮನೆ ಹಾದು ಹೋಗಿತ್ತು. ಈಗ ಅದೇ ಅವಳ ಮನೆಯೊಳಗೆ ಬಂದು ಕೂತಿತ್ತು. ಆ ಪುಸ್ತಕ ದೇವರ ವಾಕ್ಯವಾದರೆ ಸವರಿಯಪ್ಪನಿಗಾಗಿ ಮಾಡಬಹುದಾದದ್ದು ಇನ್ನೂ ಉಳಿದಿದೆ. ಅಲ್ಲವಾದರೆ ಎಲ್ಲವೂ ಆ ಅಂಗಳದಲ್ಲೇ ಮುಗಿಯಿತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಗೇಟು ದಾಟಿ ಒಳಗೆ ಹೋದಳು. ಫಾದರ್ ಸಲ್ವದೋರ್ ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಅವಳು ಪೂಜೆಯ ವಿಷಯ ಹೇಳಲಿಲ್ಲ. ನಿಂತಲ್ಲೇ ಕೇಳಿದಳು.

"ಫಾದರ್, ಆ ಮಕ್ಕಬಿಯರ ಪುಸ್ತಕ ಬೈಬಲ್ಲಿಗೆ ಸೇರಿದ್ದು ಅಂತ ಹೇಳಿದವರು ಯಾರು?"

ಫಾದರ್ ಪೈಪನ್ನು ಗಿಡದ ಬುಡದಲ್ಲಿ ಬಿಟ್ಟು ಅವಳ ಮುಖ ನೋಡಿದರು. ಅವಳು ಯಾರ ಮಗಳೆಂದು ಅವರಿಗೆ ಗೊತ್ತಿತ್ತು.

"ಧರ್ಮಸಭೆ ಹೇಳ್ತು ಕಣಮ್ಮ. ಬೈಬಲ್ ಆಕಾಶದಿಂದ ಹೊಲಿದ ಪುಸ್ತಕವಾಗಿ ಬೀಳಲಿಲ್ಲ. ಮೊದಲು ಸಭೆ ಇತ್ತು. ಯೇಸು ಕಳಿಸಿದ ಅಪೊಸ್ತಲರು ಇದ್ದರು, ಅವರ ಬೋಧನೆ ಇತ್ತು. ಆಗ ಓದುತ್ತಿದ್ದ ನೂರಾರು ಬರಹಗಳಲ್ಲಿ ಯಾವುದು ದೇವರದು ಅಂತ ಆರಿಸಿದ್ದು ಆ ಸಭೆಯೇ. ಮೊದಲ ಕ್ರೈಸ್ತರು ಓದುತ್ತಿದ್ದ ಗ್ರೀಕ್ ಪ್ರತಿಗಳಲ್ಲಿ ಈ ಪುಸ್ತಕಗಳೂ ಇದ್ದವು. ನಾವು ಸೇರಿಸಲಿಲ್ಲ, ಇದ್ದದ್ದನ್ನು ಪ್ರಾಟೆಸ್ಟೆಂಟರು ತೆಗೆದರು."

"ತೆಗೆದವರಿಗೂ ಕಾರಣ ಇತ್ತಲ್ವಾ?"

"ಇತ್ತು. ಆದರೆ ಸಭೆ ಆರಿಸಿಕೊಟ್ಟ ಪುಸ್ತಕ ಬೇಕು, ಆರಿಸಿದ ಸಭೆ ಬೇಡ ಅಂದ್ರೆ ಹೇಗೆ?"

ಸುಗುಣ ಕೈಮುಗಿದು ಹೊರಟಳು. ಅವರು "ಪೂಜೆ ಯಾವತ್ತು ಇಡೋಣ?" ಎಂದು ಹಿಂದಿನಿಂದ ಕೇಳಿದ್ದು ಕೇಳಿಸಿತು. ತಿರುಗಲಿಲ್ಲ.

ಮರುದಿನ ಕೆ.ಆರ್. ನಗರದ ಬಸ್ಸು ಹತ್ತಿದಳು. ಆರಾಧನೆ ಮುಗಿಸಿ ಬಂದ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕೂತು ಮಗಳ ಮಾತು ಕೇಳಿದರು. ಫಾದರ್ ಹೇಳಿದ್ದನ್ನು ಅವಳು ಒಪ್ಪಿಸುತ್ತಿದ್ದ ಹಾಗೆ ಅವರ ಕಣ್ಣು ಹೊಳೆಯತೊಡಗಿತು. ವಾದವೆಂದರೆ ಅವರಿಗೆ ಮೊದಲಿನಿಂದಲೂ ಹುರುಪು.

"ಅಕ್ಕಸಾಲಿ ಚಿನ್ನ ಗುರುತಿಸ್ತಾನೆ. ಅಷ್ಟಕ್ಕೆ ಅವನು ಚಿನ್ನ ಮಾಡಿದ ಹಾಗಾಯ್ತಾ? ಸಭೆ ದೇವರ ವಾಕ್ಯವನ್ನ ಗುರುತಿಸ್ತು, ಅಷ್ಟೇ. ಹಳೇ ಒಡಂಬಡಿಕೆ ಯಾರ ಕೈಗೆ ಕೊಟ್ಟಿದ್ದು? ಯೆಹೂದ್ಯರ ಕೈಗೆ. ಅವರ ಹೀಬ್ರೂ ಗ್ರಂಥದಲ್ಲೇ ಇಲ್ಲದ್ದು ನಮಗ್ಯಾಕೆ? ಬೈಬಲನ್ನ ಲ್ಯಾಟಿನ್ನಿಗೆ ತಂದ ಅವರ ಸಂತರೇ ಈ ಪುಸ್ತಕಗಳ ಬಗ್ಗೆ ಅನುಮಾನ ಪಟ್ಟಿದ್ರು. ಹೋಗಿ ಕೇಳು ಅವರನ್ನ."

"ಅಪ್ಪಾ, ನಾನು ಅವರನ್ನ ಸೋಲಿಸೋಕೆ ಬಂದಿಲ್ಲ."

"ಮತ್ತೆ?"

"ಇವರಿಗಾಗಿ ಬೇಡಬಹುದಾ, ಬೇಡಬಾರದಾ? ಅಷ್ಟು ಹೇಳಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಬೇಡೋದ್ರಿಂದ ಏನೂ ಬದಲಾಗಲ್ಲ ಮಗಾ."

ಊಟಕ್ಕೂ ನಿಲ್ಲದೆ ಅವಳು ಬಸ್ ನಿಲ್ದಾಣಕ್ಕೆ ಬಂದಳು. ಹುಣಸೂರಿನ ಬಸ್ಸು ತಡವಾಗುತ್ತದೆಂದು ಗೊತ್ತಿದ್ದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಲೇ ಇದ್ದಳು.

ಪಕ್ಕದ ಮನೆಯ ಖುರ್ಷೀದಾ ಅವಳು ಬಂದದ್ದನ್ನು ಕಂಡು ಬಾಗಿಲಲ್ಲೇ ತಡೆದಳು. ಖುರ್ಷೀದಾಳ ಗಂಡನದು ಬಜಾರಿನಲ್ಲಿ ಟೈಲರ್ ಅಂಗಡಿ. ಎರಡು ಮನೆಗೂ ಒಂದೇ ಗೋಡೆ. ಗೋಡೆಯಾಚೆಯ ಮಾತೆಲ್ಲ ಕಿವಿಗೆ ಬಿದ್ದಿದ್ದರಿಂದ, ಸುಗುಣಳ ಮುಖ ನೋಡಿದೊಡನೆ ಅವಳಿಗೆ ವಿಷಯ ತಿಳಿಯಿತು.

"ನಮ್ಮನೇಲೂ ಇದೇ ರಗಳೆ ಕಣ್ರೀ ಟೀಚರ್. ನಮ್ಮತ್ತೆ, ಮಾವ ತೀರಿಕೊಂಡ ವರ್ಷಕ್ಕೆ ಫಾತಿಹಾ ಓದಿಸ್ಬೇಕು ಅಂದ್ರು. ನಮ್ಮ ಮೈದುನ ರಿಯಾಜ್, ಅದೆಲ್ಲ ದೀನಲ್ಲಿ, ನಮ್ಮ ಧರ್ಮದಲ್ಲಿ, ಇಲ್ಲ, ಓದಿಸಿದ್ರೆ ನಾನು ಊಟಕ್ಕೆ ಬರಲ್ಲ ಅಂದ."

"ಆಮೇಲೆ?"

"ಓದಿಸಿದ್ವಿ. ಅವನು ಬರಲಿಲ್ಲ. ಈಗಲೂ ಮುಖ ಕೊಟ್ಟು ಮಾತಾಡಲ್ಲ." ಖುರ್ಷೀದಾ ನಿಟ್ಟುಸಿರು ಬಿಟ್ಟಳು. "ನೀವು ಏನಾದ್ರೂ ಮಾಡಿ. ಆದ್ರೆ ಹಿಂಗೆ ಓಡಾಡ್ಬೇಡಿ, ನೋಡೋಕಾಗಲ್ಲ."

ಆದರೂ ಅವಳ ಓಡಾಟ ನಿಲ್ಲಲಿಲ್ಲ. ಇನ್ನು ಉಳಿದದ್ದು ಒಂದೇ ಜಾಗ. ಸವರಿಯಪ್ಪನ ಹೆಣ ಮನೆಗೆ ಬಂದ ದಿನ ನಿಂಗಯ್ಯ ದೂರದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಅವರನ್ನು ಮಾತಾಡಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನು ದೇವರೇ ಎಂದಿದ್ದರೆ, ಯೇಸುವೇ ಎಂದಿದ್ದರೆ, ಯಾವ ಪುಸ್ತಕವೂ ಬೇಕಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಸ್ವರ್ಗ ಸಿಗಲು ಒಂದು ಮಾತು ಸಾಕಾಗಿತ್ತು. ಆ ಕಥೆ ಎರಡೂ ಬೈಬಲ್ಲಿನಲ್ಲಿದೆ.

ಶಾಲೆಗೆ ರಜೆ ಹಾಕಿ ಗುರುಪುರದ ಬಸ್ಸು ಹಿಡಿದಳು. ಕೆಂಪು ನಿಲುವಂಗಿಯ ಟಿಬೆಟನ್ ಸನ್ಯಾಸಿಗಳು ಕ್ಯಾಂಪಿನ ತಿರುವಿನಲ್ಲಿ ಇಳಿದು ಹೋದ ಮೇಲೆ ಬಸ್ಸು ಖಾಲಿಯಾಯಿತು. ನಿಂಗಯ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅವರ ಹೆಂಡತಿ ಸುನಂದಮ್ಮ ಹೊಗೆಸೊಪ್ಪಿನ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಯಾರೆಂದು ತಿಳಿದೊಡನೆ ಎದ್ದು ಅವಳ ಎರಡೂ ಕೈ ಹಿಡಿದುಕೊಂಡರು. ಸೊಪ್ಪಿನ ಅಂಟು ಸುಗುಣಳ ಕೈಗೂ ಹತ್ತಿತು.

ನಿಂಗಯ್ಯ ಬೇವಿನ ಮರದ ಕೆಳಗೆ ಜಾಗ ತೋರಿಸಿದರು.

"ಇಲ್ಲೇ ಕಣವ್ವ. ಬೇಲು ಎತ್ತಿ ಕೊಡ್ತಿದ್ದೆ, ಮ್ಯಾಲಿಂದ ಈಸ್ಕೊತಿದ್ದ. ಯಾಕೋ ಎದೆ ಇಡ್ಕೊತದೆ ನಿಂಗಣ್ಣ ಅಂದ, ಇಳಿದು ಬಂದು ಕುಂತ್ಕೊಂಡ. ಬೆವರು ಅಂದ್ರೆ ಬೆವರು. ನೀರು ಕೊಟ್ಟೆ, ಕುಡುದ."

"ಏನಾದ್ರೂ ಹೇಳಿದ್ರಾ?"

ನಿಂಗಯ್ಯ ಹೆಂಡತಿಯ ಕಡೆ ನೋಡಿದರು. ಏನು ಹೇಳಿದರೆ ಈ ಹೆಣ್ಣಿಗೆ ಸಮಾಧಾನವಾದೀತು ಎಂದು ಅವರು ಯೋಚಿಸುತ್ತಿದ್ದದ್ದು ಕಾಣುತ್ತಿತ್ತು.

"ಇದ್ದದ್ದನ್ನೇ ಹೇಳಿ," ಎಂದಳು ಸುಗುಣ.

"ಮೋಡ ಆಗಿತ್ತವ್ವ. ಒಂದೆಲ್ಡು ಅನಿ ಬಿತ್ತು. ನಾನು ಅವನ ತಲೆ ಇಡ್ಕೊಂಡು ಕುಂತಿದ್ದೆ. ಅವನು ನನ್ನ ಕೈ ನೂಕ್ದ. ಲೇ ನಿಂಗಣ್ಣ, ನನ್ನ ಬುಡು, ಟಾರ್ಪಾಲು ಆಕು, ಸೊಪ್ಪು ನೆನೀತದೆ ಅಂದ. ನಾನು ಆಕ್ಬುಟ್ಟು ತಿರುಗಿ ನೋಡೋ ಒತ್ಗೆ..." ಅವರು ಬೇವಿನ ಬುಡದ ಕಡೆ ಕೈ ತೋರಿಸಿದರು. "ಅಷ್ಟೇ ಕಣವ್ವ. ಬ್ಯಾರೆ ಏನೂ ಅನ್ನಲಿಲ್ಲ."

ಬರುವಾಗ ಬಸ್ಸಿನಲ್ಲಿ ಅವಳಿಗೆ ಮೊದಲು ಸಿಟ್ಟು ಬಂತು. ದೇವರ ಹೆಸರಿಲ್ಲ, ಹೆಂಡತಿಯ ಹೆಸರಿಲ್ಲ, ಇನ್ನೊಬ್ಬರ ಸೊಪ್ಪಿನ ಮಾತು! ಪಿರಿಯಾಪಟ್ಟಣದ ಕಡೆಯಿಂದ ಬಂದ ಲಗೇಜ್ ಆಟೊವೊಂದು ಬಸ್ಸನ್ನು ಹಿಂದಿಕ್ಕಿ ಹೋಯಿತು. ಅದರ ಚಾಲಕ ಒಂದು ಕೈ ಹೊರಗಿಟ್ಟು ಹಾಡಿಕೊಳ್ಳುತ್ತಿದ್ದ. ಸುಗುಣ ಕಿಟಕಿಯ ಸರಳು ಹಿಡಿದು, ತುಟಿ ಅಲ್ಲಾಡುತ್ತಿರುವುದು ತನಗೇ ತಿಳಿಯದಂತೆ, "ಸ್ವಾಮಿ, ಇವರನ್ನ ನೋಡ್ಕೊ" ಎಂದಳು. ಹೇಳಿದ ಮೇಲೆ ಬೆಚ್ಚಿದಳು. ಇದು ಮೊದಲ ಸಲವಲ್ಲವೆಂದು ಆಗ ಹೊಳೆಯಿತು. ವರ್ಷವಿಡೀ ಬಸ್ಸಿನಲ್ಲಿ, ಬೋರ್ಡಿನ ಮುಂದೆ, ಬಾಗಿಲ ಬಳಿ ಅವಳು ಇದನ್ನೇ ಅಂದುಕೊಳ್ಳುತ್ತ ಬಂದಿದ್ದಳು.

ಮನೆಗೆ ಬಂದರೆ ತಂದೆ ಬಂದು ಕೂತಿದ್ದರು. ಉಣ್ಣದೆ ಹೋದ ಮಗಳನ್ನು ನೋಡಿಕೊಂಡು ಹೋಗಲು ಬಂದವರು, ತೊಡೆಯ ಮೇಲೆ ಆರೋಗ್ಯಮ್ಮನ ದಪ್ಪ ಬೈಬಲನ್ನು ತೆರೆದುಕೊಂಡಿದ್ದರು. ಆರೋಗ್ಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸೊಸೆಗೆ ಸನ್ನೆ ಮಾಡಿದರು. ಬಂದಾಗಿನಿಂದ ಹಿಂಗೇ, ಕಾಫಿಯನ್ನೂ ಮುಟ್ಟಿಲ್ಲ ಎಂಬಂತೆ.

"ಈ ಮಕ್ಕಬಿಯರ ಪುಸ್ತಕಾನ ನಾನು ಯಾವತ್ತೂ ಓದಿರಲಿಲ್ಲ ಸುಗುಣಾ," ಎಂದರು ಮಾಸ್ತರರು. "ಇಷ್ಟು ವರ್ಷ ಬೇಡ ಬೇಡ ಅಂತ ವಾದ ಮಾಡ್ದೆ, ಓದಿರಲಿಲ್ಲ. ಯುದ್ಧದಲ್ಲಿ ಸತ್ತವರ ಅಂಗಿ ಕೆಳಗೆ ವಿಗ್ರಹಗಳು ಸಿಕ್ತವಂತೆ. ಧರ್ಮಶಾಸ್ತ್ರ ಮೀರಿ ತಪ್ಪು ಮಾಡಿದವರು. ಆದ್ರೂ ಜೊತೆಯವರು ಬಿಟ್ಟು ಹೋಗಲಿಲ್ಲ, ನಿಂತು ಬೇಡಿಕೊಂಡ್ರಂತೆ."

"ಈಗ ಒಪ್ತೀರಾ?"

"ಇಲ್ಲ." ಅವರು ತಲೆಯಾಡಿಸಿದರು. "ಚೆನ್ನಾಗಿದೆ. ಚೆನ್ನಾಗಿರೋದೆಲ್ಲ ದೇವರ ವಾಕ್ಯ ಆಗಲ್ಲ."

ಸುಗುಣ ಅವರ ಎದುರಿಗೆ ನೆಲದ ಮೇಲೆ ಕೂತಳು. ಗುರುಪುರದಲ್ಲಿ ಕೇಳಿದ್ದನ್ನು ಹೇಳಿದಳು. ಆರೋಗ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸುಗುಣ ಕೇಳಿದಳು.

"ಅಮ್ಮ ಹೋದ ಮೇಲೆ ಪ್ರಾರ್ಥನೆಯಲ್ಲಿ ಅಮ್ಮನ ಹೆಸರು ನಿಮ್ಮ ಬಾಯಿಗೆ ಬಂದೇ ಇಲ್ವಾ ಅಪ್ಪಾ?"

ಮಾಸ್ತರರು ತೆರೆದ ಪುಟದ ಅಂಚಿನ ಮೇಲೆ ಬೆರಳಾಡಿಸಿದರು.

"ಬರುತ್ತೆ. ದಿನಾ ಬರುತ್ತೆ. ಬಂದ ತಕ್ಷಣ ಸ್ತೋತ್ರ ಅಂತ ತಿರುಗಿಸ್ಕೊತೀನಿ. ಅವಳನ್ನ ಕೊಟ್ಟಿದ್ದಕ್ಕೆ ಸ್ತೋತ್ರ ಅಂತ."

"ತಿರುಗಿಸೋಕೆ ಮುಂಚೆ ಏನಿರುತ್ತೆ?"

ಅವರು ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

"ನಾನು ಪೂಜೆ ಕೊಡಿಸ್ತೀನಿ ಅಪ್ಪಾ. ಯಾವ ಪುಸ್ತಕ ಸರಿ ಅಂತ ನನಗೆ ಗೊತ್ತಾಗಲಿಲ್ಲ. ಬೇಡಬೇಡ ಅಂದ್ರೂ ಬೇಡ್ತಾನೇ ಇದ್ದೀನಿ. ಕದ್ದು ಬೇಡೋ ಬದಲು ಚರ್ಚಲ್ಲಿ ನಿಂತು ಬೇಡ್ತೀನಿ."

ವರ್ಷದ ದಿನ ಬೆಳಗಿನ ಪೂಜೆಗೆ ಜನ ಹೆಚ್ಚಿರಲಿಲ್ಲ. ಫಾದರ್ ಸಲ್ವದೋರ್ ಸವರಿಯಪ್ಪನ ಹೆಸರು ಹೇಳಿ, ಅವನ ಆತ್ಮಕ್ಕೆ ನಿತ್ಯ ಬೆಳಕು ದೊರೆಯಲಿ ಎಂದಾಗ ಸುಗುಣಳಿಗೆ ಅಂದುಕೊಂಡಿದ್ದ ನೆಮ್ಮದಿ ಬರಲಿಲ್ಲ. ಮೊಣಕಾಲೂರಿದ್ದವಳು ಮುಂದಿನ ಬೆಂಚಿನ ಅಂಚು ಹಿಡಿದುಕೊಂಡಳು. ಅವನ ಹೆಸರನ್ನು ಜನರ ನಡುವೆ, ಅಷ್ಟು ಗಟ್ಟಿಯಾಗಿ, ಒಂದು ವರ್ಷದಿಂದ ಯಾರೂ ಹೇಳಿರಲಿಲ್ಲ. ತಿರುಗಿ ನೋಡಿದಳು. ಹಿಂದಿನ ಬೆಂಚಿನಲ್ಲಿ ದೇವದಾನ ಮಾಸ್ತರರು ಕೂತಿದ್ದರು. ಬರುತ್ತೇನೆಂದು ಅವರು ಹೇಳಿರಲಿಲ್ಲ. ಎಲ್ಲರೂ ಮೊಣಕಾಲೂರಿದ್ದರೆ ಅವರು ನೆಟ್ಟಗೆ ಕೂತೇ ಇದ್ದರು, ತುಟಿ ಬಿಗಿದಿತ್ತು. ಆದರೆ ಕಣ್ಣು ಮುಚ್ಚಿತ್ತು.

ಮನೆಯಲ್ಲಿ ತಿಂಡಿಗೆ ಫಾದರ್ ಬಂದರು. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಅವರಿಗೂ ಮಾಸ್ತರರಿಗೂ ಮಾತು ಹತ್ತಿಕೊಂಡಿತು. ಫಾದರ್ ಗ್ರೀಕ್ ಅಂದರೆ ಮಾಸ್ತರರು ಹೀಬ್ರೂ ಅಂದರು. ಫಾದರ್ ಸಂತರನ್ನು ಕರೆದರೆ ಮಾಸ್ತರರು ಸುಧಾರಕರನ್ನು ಕರೆದರು. ಖುರ್ಷೀದಾ ಕೊಟ್ಟು ಕಳಿಸಿದ ಖೀರು ಇಬ್ಬರ ಮುಂದೆಯೂ ಆರುತ್ತಿತ್ತು.

"ಆರಿಹೋಗುತ್ತೆ, ಮೊದಲು ತಿನ್ನಿ," ಎಂದು ಸುಗುಣ ಗದರಿದಳು. ಇಬ್ಬರೂ ಒಟ್ಟಿಗೆ ಚಮಚ ಎತ್ತಿಕೊಂಡರು. ಎರಡು ತುತ್ತಿನ ನಂತರ ಮತ್ತೆ ಶುರುವಾಯಿತು.

ಅವಳು ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಬಂದಳು. ಆರೋಗ್ಯಮ್ಮ ತೊಳೆಯುವ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು. ಸುಗುಣ ಅವರ ಪಕ್ಕ ಜಾಗ ಮಾಡಿಕೊಂಡು ಕೂತಳು.

"ಅತ್ತೆ, ಇವರು ಚಿಕ್ಕೋರಿದ್ದಾಗ ಹೆಂಗಿದ್ರು?"

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿರಲೇ ಇಲ್ಲ. ಆರೋಗ್ಯಮ್ಮ ಕಣ್ಣೊರೆಸಿಕೊಂಡು, ಮೂಗಿನಲ್ಲೇ ಸಣ್ಣಗೆ ನಕ್ಕರು.

"ಅಯ್ಯೋ, ಅದ್ಯಾಕೆ ಕೇಳೀಯೆ ಮಗ. ಒಂದ್ ಕಡೆ ನಿಂತೋನಲ್ಲ," ಎಂದು ಶುರು ಮಾಡಿದರು.