ಮಗು ಏನು ತಿನ್ನುತ್ತೆ?

ಒತ್ತಿದ ಬೆರಳು ಮೇಲೆದ್ದು ಮತ್ತೆ ಒತ್ತಿತು, ಹೊಕ್ಕುಳಿನ ಎಡಕ್ಕೆ, ಇಲ್ಲಿ ನೋಯುತ್ತಾ ಪುಟ್ಟಿ, ಇಲ್ಲಿ, ಬಿಂದು ತುಟಿ ಕಚ್ಚಿಕೊಂಡಳು, ಎಂಟು ವರ್ಷದ ಹುಡುಗಿಗೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿಗಿದು ನಿಂತಿದೆ — ಡಾಕ್ಟರ್ ಅನುಪಮಾ ಎಷ್ಟು ಮೆತ್ತಗೆ ಒತ್ತುತ್ತಾರೆ, ಬಿಂದುವಿನ ಅಮ್ಮ ಯಶೋಧಾ ಒತ್ತುವುದು ಹೀಗಲ್ಲ, ಹೂಟಗಳ್ಳಿಯ ಕುರುಕಲು ತಿಂಡಿ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಅವಳದು ಒತ್ತುವ ಕೆಲಸವೇ, ಬೆಲ್ಟಿನ ಮೇಲೆ ಬಂದ ಪ್ಯಾಕೆಟ್ಟನ್ನು ಎರಡು ಅಂಗೈ ನಡುವೆ ಅದುಮಿ ಗಾಳಿ ಸೋರುತ್ತದೆಯೋ ಎಂದು ನೋಡುವುದು, ಸೋರಿದ್ದು ಕೆಂಪು ಬುಟ್ಟಿಗೆ, ಕೆಂಪು ಬುಟ್ಟಿಯದೆಲ್ಲ ಶನಿವಾರ ಹೆಂಗಸರಿಗೆ ಹಂಚಿಕೆ, ತಗೊಂಡೋಗಿ ಕಣಮ್ಮ, ಕೆಟ್ಟೇನೂ ಇಲ್ಲ, ಅಂಟು ಬುಟ್ಟದೆ ಅಷ್ಟೇಯ, ಅನ್ನುತ್ತಾನೆ ಸೂಪರ್ವೈಸರ್ ಹರೀಶ್, ಅವಳು ಚೀಲ ತುಂಬಿಕೊಂಡು ಬೀದಿಗೆ ಕಾಲಿಟ್ಟರೆ ಬಿಂದು ಹಾರಿಕೊಂಡು ಬರುತ್ತಿದ್ದಳು, ಆಗ ಹೆಮ್ಮೆಯೆಂದರೆ ಹೆಮ್ಮೆ, ತನ್ನ ಮಗಳು ಹಸಿವು ಅಂದ ಕ್ಷಣಕ್ಕೆ ಕೈಗೆ ಒಂದು ಪ್ಯಾಕೆಟ್ಟು, ಕಾಯುವ ಮಾತೇ ಇಲ್ಲ, ಬೆಳಿಗ್ಗೆ ಅದು, ಸ್ಕೂಲ್ ಡಬ್ಬಿಗೆ ಅದು, ಎರಡನೇ ಶಿಫ್ಟಿನ ಸಂಜೆಗಳಲ್ಲಿ ಊಟವೂ ಅದೇ, ಅನ್ನ ಮುಂದಿಟ್ಟರೆ ಮೂತಿ ತಿರುಗಿಸುವುದು ಯಾವತ್ತು ಶುರುವಾಯಿತೋ ನೆನಪಿಲ್ಲ, ಮೂರು ದಿನ ನಾಲ್ಕು ದಿನ ಕಕ್ಕಸಿಗೆ ಹೋಗದೆ ಗೋಡೆ ಹಿಡಿದು ಅಳುವುದು ಮಾತ್ರ ಚೆನ್ನಾಗಿ ನೆನಪಿದೆ.

ಬಿಂದು ಕೂಸಾಗಿದ್ದಾಗ ಅವ್ವ ಸೋಮಮ್ಮ ತಂದಿದ್ದಳಲ್ಲ, ನಂಜನಗೂಡಿನ ಕಡೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಹಳೇ ಪಂಚೆಯಲ್ಲಿ ಗಾಳಿಸಿದ ಸರಿ ಹಿಟ್ಟು, ಕೂಸ್ಗೆ ಆರು ತಿಂಗ್ಳಾಯ್ತು, ಸರಿ ಕುಡ್ಸವ್ವ, ಅಂದದ್ದಕ್ಕೆ ಯಶೋಧಾ, ಈಗ ಯಾರವ್ವ ಅದ್ನೆಲ್ಲ ಕಾಯ್ಸ್ಕೊಂಡ್ ಕೂತಿರ್ತಾರೆ, ಎಂದು ನಕ್ಕು ಬಿಸ್ಕತ್ತನ್ನು ಹಾಲಲ್ಲಿ ನೆನೆಸಿ ಮಗುವಿನ ಬಾಯಿಗಿಟ್ಟಿದ್ದಳು, ಸೋಮಮ್ಮ ಮತ್ತೆ ಹೇಳಲಿಲ್ಲ, ಹಿಟ್ಟಿಗೆ ಹುಳ ಬಿತ್ತು — ಅವ್ವನಿಗೇನು ಗೊತ್ತು, ನಾನು ಓದುವಾಗ ಸ್ಕೂಲಲ್ಲಿ ಡಬ್ಬಿ ಮುಚ್ಚಳ ತೆಗೆದರೆ ಸಾಕು, ಏ ಮುದ್ದೆ ಬಂತು ಕಣ್ರೇ, ಎಂದು ಬೆಂಚಿನ ತುಂಬ ನಗು, ಆ ಮುದ್ದೆಯನ್ನು ಬೆನ್ನು ತಿರುಗಿಸಿ ನುಂಗಬೇಕಿತ್ತು, ನನ್ನ ಮಗಳು ಹಾಗೆ ಬೆನ್ನು ತಿರುಗಿಸಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು, ಬೇರೇನೂ ಅಲ್ಲ, ದೇವರಾಣೆ ಬೇರೇನೂ ಅಲ್ಲ. ಹೋದ ವಾರ ಇದೇ ಕುರ್ಚಿಯಲ್ಲಿ ಡಾಕ್ಟರ್ ಮೊದಲ ಸಲ ಕೇಳಿದ್ದರು, ಮಗು ಏನು ತಿನ್ನುತ್ತೆ, ಅವಳ ನಾಲಿಗೆ ತಾನಾಗಿಯೇ ಹೊರಳಿತು, ಬೆಳಿಗ್ಗೆ ಅಂಬಲಿ ಮೇಡಂ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಅನ್ನ ಮಜ್ಜಿಗೆ, ಒಂದೊಂದೂ ಅವಳ ಅವ್ವ ಅವಳಿಗೆ ಹಾಕಿದ್ದು, ನಾಚಿಕೆಪಟ್ಟು ತಿಂದ ಅದನ್ನೇ ಎದೆಯುಬ್ಬಿಸಿ ಹೇಳಿಬಿಟ್ಟಳು, ವೆರಿ ಗುಡ್ ಕಣಮ್ಮ, ಈಗಿನ ಕಾಲದಲ್ಲಿ ಯಾರು ಕೊಡ್ತಾರೆ ಹೀಗೆ, ಎಂದರು ಡಾಕ್ಟರ್, ಥೂ, ಆ ಹೊಗಳಿಕೆ ಎಷ್ಟು ಹಿತವಾಗಿತ್ತು. ಕೃಷ್ಣಮೂರ್ತಿಪುರಂನ ಈ ಕ್ಲಿನಿಕ್ಕಿನಿಂದ ವಾಪಸು ಹೋಗುವಾಗ ಬಸ್ಸಿನಲ್ಲಿ ಬಿಂದು, ಅಮ್ಮ, ಸುಳ್ಳು ಯಾಕೆ ಹೇಳ್ದೆ, ಅಂದಳು, ಸುಮ್ನಿರೇ, ನಿಜ ಹೇಳಿದ್ರೆ ಡಾಕ್ಟ್ರು ಅಮ್ಮಂಗೆ ಬಯ್ತಾರೆ.

ಈಗ ಡಾಕ್ಟರ್ ಕೈ ತೊಳೆದುಕೊಳ್ಳುತ್ತಿದ್ದಾರೆ, ರಕ್ತ ತುಂಬಾ ಕಡಿಮೆ ಇದೆ ಯಶೋಧಾ ಅವರೇ, ತೂಕ ಇನ್ನೂ ಇಳಿದಿದೆ, ಬರೀ ಪ್ಯಾಕೆಟ್ ತಿಂಡಿ ಮೇಲಿರೋ ಮಕ್ಕಳಿಗೆ ನಾರಿನಂಶ ಸಿಗದೆ ಕರುಳು ಹೀಗೆ ಸೋಲೋದು ನೋಡ್ತಾನೇ ಇರ್ತೀನಿ, ಅದೊಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ, ಆದ್ರೂ ಅಂಥವರಿಗೆ ಮೊದಲು ಊಟ ಬದಲಾಯಿಸಿ ಕಾದು ನೋಡ್ತೀನಿ, ನಿಮ್ಮ ಮಗು ಊಟ ಸರಿಯಾಗೇ ಇದೆಯಲ್ಲ, ಹಾಗಾಗಿ ಕಾಯೋದು ಬೇಡ, ಅರಿವಳಿಕೆ ಕೊಟ್ಟು ಟ್ಯೂಬ್ ಹಾಕಿ ಕರುಳು ನೋಡೋಣ — ಹೇಳು, ಈಗ ಹೇಳು, ಹೇಳಿದರೆ ಹೋದ ವಾರದ್ದೆಲ್ಲ ಏನಾಗುತ್ತದೆ, ಇವಳೆಂಥ ತಾಯಿ ಅನ್ನುವುದಿಲ್ಲವೇ, ಅನ್ನಲಿ, ಮಗುವನ್ನು ಎಚ್ಚರ ತಪ್ಪಿಸಿ ಮಲಗಿಸುತ್ತಾರೆ ಕಣೇ, ಹೇಳು, ಮೇಡಂ ಅನ್ನುವಷ್ಟರಲ್ಲಿ ಡಾಕ್ಟರ್ ಬಿಂದುವಿನ ಕಡೆ ಬಗ್ಗಿದ್ದಾರೆ, ಎಲ್ಲಿ ಪುಟ್ಟಿ, ನೀನೇ ಹೇಳು ನೋಡೋಣ, ದಿನಾ ಏನ್ ತಿಂತೀಯ, ಸದ್ಯ, ಬದುಕಿದೆ, ಮಗು ಹೇಳಿಬಿಡುತ್ತದೆ, ಮಕ್ಕಳ ಬಾಯಿಗೆ ಬೀಗ ಎಲ್ಲಿಯದು, ಬೈಗುಳ ತಿಂದು ಮನೆಗೆ ಹೋಗಿ ಇವತ್ತೇ ಸೊಪ್ಪು ಬಿಡಿಸುತ್ತೇನೆ. ಬೆಳಿಗ್ಗೆ ಅಂಬಲಿ, ಎಂದಳು ಬಿಂದು, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಅನ್ನ ಮಜ್ಜಿಗೆ, ಒಂದಕ್ಷರ ಹಿಂದುಮುಂದಾಗಲಿಲ್ಲ, ಹುಟ್ಟಿದ ಮೇಲೆ ಅಜ್ಜಿಯ ಊರಲ್ಲಿ ಒಂದೇ ಸಲ ಮುದ್ದೆಯನ್ನು ಅಗಿದು ಉಗಿದಿದ್ದ ಹುಡುಗಿ, ಜಾಣೆ ಎಂದು ಡಾಕ್ಟರ್ ಬರೆದುಕೊಂಡರು, ಇಲ್ಲೊಂದು ಸಹಿ ಮಾಡಿ, ಪೆನ್ನು ಕೈಗೆ ಬಂತು, ಹಾಸಿಗೆಯ ಮೇಲಿಂದ ಬಿಂದು ಕತ್ತು ಹೊರಳಿಸಿ ಅಮ್ಮನನ್ನು ನೋಡಿದಳು, ಸರಿಯಾಗಿ ಹೇಳಿದೆನಾ ಎಂದು, ನಾಳೆ ರಜ ಹೇಳಬೇಕು, ಹರೀಶ್ ಏನನ್ನುತ್ತಾನೋ, ಆ ಮುಖ, ಸೋಮವಾರದ ಶಿಫ್ಟು ಯಾರಿಗೆ ಬದಲಿ, ಮತ್ತೆ ಆ ಮುಖ, ನೋವಿಗೆ ಬೆವರಿದ ಹಣೆ, ಸಣ್ಣ ನಗು, ಅಮ್ಮನಿಗೆ ಬೈಗುಳ ತಪ್ಪಿಸಿದೆ ಎಂದು ನಗುತ್ತಿರುವ ಆ ಮುಖ, ಆ ಮುಖ