ಅಪ್ಪಟ ನಮ್ಮದೇ ಅಳು

ನಮ್ಮಕ್ಕ ಪರದೇಶದ ಹೆಂಗಸರ ಪರವಾಗಿ ಅಳುತ್ತಾಳೆ. ಅದೇ ಅವಳ ಹೊಟ್ಟೆಪಾಡು. ಹೊರಗಿನ ಸಿನಿಮಾಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವ ಸ್ಟುಡಿಯೋದಲ್ಲಿ ನಮ್ಮಿಬ್ಬರ ಕೆಲಸ. ಅವಳು ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ, ನಾನು ಹೊರಗೆ ಧ್ವನಿಮುದ್ರಣದ ಗುಂಡಿಗಳ ಮುಂದೆ. ರಾಣಿ ಸತ್ತರೂ ಕಳ್ಳನ ಹೆಂಡತಿ ಸಿಕ್ಕಿಬಿದ್ದರೂ ಅಳುವವಳು ನಮ್ಮಕ್ಕನೇ.

ಎಲ್ಲ ಸರಿಯಾಗಿಯೇ ನಡೆದಿತ್ತು, ಸಂಸ್ಕೃತಿ ಇಲಾಖೆಯವರಿಗೆ ಜ್ಞಾನೋದಯವಾಗುವ ತನಕ. ಮಾತಷ್ಟೇ ಅಲ್ಲ, ಕೆಮ್ಮು, ಸೀನು, ಆಕಳಿಕೆಯೂ ನಮ್ಮ ದೇಶದ್ದೇ ಆಗಿರಬೇಕೆಂದು ಆಜ್ಞೆಯಾಯಿತು. ಪರದೇಶದ ನಾಯಿಯೊಂದಕ್ಕೆ ನಾನೇ ಬೊಗಳಿ ಪಾಸಾದೆ. ಅಕ್ಕನ ಅಳು ಮಾತ್ರ ತಪಾಸಣೆಗೆ ಬಂದ ಸಾಹೇಬರಿಗೆ ಹಿಡಿಸಲಿಲ್ಲ.

ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು; ಅವರಾಡುವ ಮಾತು ಒಳಗೆ ಅಕ್ಕನ ಹೆಡ್‌ಫೋನಿಗೂ ಹೋಗುತ್ತಿತ್ತು. "ಇದ್ರಲ್ಲಿ ಹೊರಗಿನ ವಾಸನೆ ಹೊಡೀತಿದೆ. ನಮ್ಮ ಹೆಣ್ಣುಮಕ್ಕಳು ಹೀಗೆ ಬಿಕ್ಕಿಬಿಕ್ಕಿ ಅಳಲ್ಲಮ್ಮ. ಇವತ್ತು ಸರಿಹೋಗದಿದ್ರೆ ಬೇರೆಯವರನ್ನ ನೋಡ್ಕೋತೀವಿ."

ಅಕ್ಕ ಜೋರಾಗಿ ಅತ್ತಳು. ಮೆಲ್ಲಗೆ ಅತ್ತಳು. ಕರ್ಚೀಫು ಬಾಯಿಗಿಟ್ಟುಕೊಂಡು ಅತ್ತಳು. ಊಹೂಂ! ಕೆಲಸ ಹೋಗುತ್ತದೆಂಬ ಭಯಕ್ಕೆ ಕೊನೆಗೆ ಅವಳಿಗೆ ಅಳುವೇ ಬರದಾಯಿತು. ಸಾಹೇಬರ ಮುಖ ನೋಡಿ ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ತಪ್ಪು ಗುಂಡಿ ಒತ್ತಿಬಿಟ್ಟೆ. ಪರದೇಶದ ನಟಿಯ ಮೂಲ ಅಳುವೇ ಕೋಣೆ ತುಂಬಿತು.

ಸಾಹೇಬರ ಮುಚ್ಚಿದ ಕಣ್ಣಿಂದ ನೀರು ಇಳಿಯಿತು. "ಆಹಾ, ಇದಪ್ಪಾ ಅಳು ಅಂದ್ರೆ! ಅಪ್ಪಟ ನಮ್ಮದೇ!"

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕನ ಕೆಲಸ ಉಳಿಯುತ್ತಿತ್ತು. ಆದರೆ ನನ್ನ ನಾಲಿಗೆ ಯಾವತ್ತು ನನ್ನ ಮಾತು ಕೇಳಿದೆ?

"ಸಾರ್, ಅದು ಅಕ್ಕ ಅಲ್ಲ. ಸಿನಿಮಾದವಳೇ ಅತ್ತಿದ್ದು."

ಸಾಹೇಬರು ಒಂದು ಚೂರೂ ಕಂಗೆಡಲಿಲ್ಲ. "ಹಾಗಾದ್ರೆ ಅವಳ ಮುತ್ತಜ್ಜಿ ನಮ್ಮ ಕಡೆಯವಳೇ ಇರಬೇಕು," ಎಂದು ಕಣ್ಣೊರೆಸಿಕೊಂಡು, ಗಾಜಿನಾಚೆ ನಿಂತಿದ್ದ ಅಕ್ಕನನ್ನು ಅನುಮಾನದಿಂದ ನೋಡಿದರು. "ಅದಿರ್ಲಿ, ಇವರು ಮೂಲ ಎಲ್ಲಿಯವರು?"

ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು.

"ನಿಮ್ಮ ಹಿಂದಿನ ಬೀದಿಯವಳೇ ಸಾರ್. ನಿಮ್ಮ ಅಡುಗೆಮನೆ ಕಿಟಕಿ ನಮ್ಮ ಹಿತ್ತಲಿಗೇ ಇರೋದು. ಹೀಗೆ ಬಿಕ್ಕಿಬಿಕ್ಕಿ ಅಳೋದನ್ನ ನಾನು ಕಲ್ತಿದ್ದೇ ನಿಮ್ಮ ಹೆಂಡತಿಯವರ ಅಳು ಕೇಳಿ ಕೇಳಿ."

ಇನ್ನು ಅಕ್ಕನ ಕೆಲಸದ ಕಥೆ ಮುಗಿಯಿತು ಅಂದುಕೊಂಡೆ. ಸಾಹೇಬರು ತಪಾಸಣೆಯ ಕಾಗದ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಕ್ಕನ ಅಳುವಿಗೇ ಒಪ್ಪಿಗೆಯ ರುಜು ಹಾಕಿದರು. ಪೆನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಾ ಅವಳನ್ನು ಗಾಜಿನ ಕೋಣೆಯೊಳಗೆ ಕರೆದು, ನನಗೆ ಕೇಳಿಸಬಾರದೆಂದು ಬಾಗಿಲು ಹಾಕಿ, ಮೆಲ್ಲಗೆ ಏನೋ ಕೇಳಿದರು. ಆದರೆ ಒಳಗಿನ ಮೈಕು ಇನ್ನೂ ಚಾಲೂ ಇತ್ತು.

"ಯಾವಾಗ ಅಳ್ತಾಳಮ್ಮ ಅವಳು?"