ಜಗಲಿ ಮ್ಯಾಲಿನ ಆರು ಲಕೋಟಿ

ಕಂಡಿದ್ದು ಕೇಳದಿದ್ರ ಉಂಡಿದ್ದು ಕರಗಂಗಿಲ್ಲ ನನಗ. ನೌಕರಿ ಬಂದ ಖುಷಿಗೆ ಪೇಡೆ ತಗೊಂಡು ಮಸ್ಕಿಯಾಗ ಜಂಬಮ್ಮಾಯಿ ಮನಿಗೆ ಹೋದ್ರ, ದೇವರ ಜಗಲಿ ಮ್ಯಾಲೆ ಆರು ಖಾಕಿ ಲಕೋಟಿ. ಎಲ್ಲಕ್ಕೂ ಅರಿಷಿಣ-ಕುಂಕುಮ. ಒಂದೂ ಒಡದಿಲ್ಲ.

"ಇವೇನಬೇ ಆಯಿ?"

"ನಿನ್ನವೇ, ಆದಮ್ಮ. ಸಿಂಹದ ಮುದ್ರಿ ಐತಿ ನೋಡು, ಸರಕಾರದ್ದು, ನಿನ್ನ ನೌಕರಿದೇ ಇರಬೇಕು. ವರ್ಷಕ್ಕೊಂದು ಬರ್ತಾವ. ಓದ್ಲೇನು ಅಂತಾನ ಪೋಸ್ಟಿನ ಲಾಲ್‌ಸಾಬ್. ನಿನಗ ನೌಕರಿ ಬರೋತನ ಒಡಿಬಾರ್ದು ಅಂತ ದೇವರಿಗೆ ಹರಕಿ ಹೊತ್ತು ನಾನೇ ಬ್ಯಾಡಂದೆ."

ಆದ್ರ ಲಕೋಟಿ ಮ್ಯಾಲಿನ ಹೆಸರು ನಂದಲ್ಲ, ಆಯಿದು! ಇದೇನಪಾ ಇದು?

ಎಂಬತ್ಮೂರರಾಗ ಟೀಚರ್ ಟ್ರೇನಿಂಗಿಗೆ ಸರಕಾರದ ಸಾಲ ತಗೊಂಡಿದ್ದೆ. ಬಾಜೂ ಮನಿಯಾಕಿ ಅಂತ ಆಯಿನೇ ಜಾಮೀನು ನಿಂತು ಹೆಬ್ಬಟ್ಟು ಒತ್ತಿದ್ಲು. ಆಮ್ಯಾಲೆ ನಾ ಮುದಗಲ್ಲಿನ ಅಣ್ಣನ ಮನಿ ಸೇರಿದೆ, ಹೊಸ ವಿಳಾಸ ಕೊಡಲಿಲ್ಲ. ನೋಟಿಸು ಬರಲಿಲ್ಲ. ಸರಕಾರ ಮರ್ತೈತಿ ಅಂತ ಒಳಗೊಳಗೇ ಖುಷಿಪಟ್ಟಿದ್ದೆ, ಸುಳ್ಳ್ಯಾಕ ಹೇಳ್ಲಿ. ಈಗ ತೊಂಬತ್ತೊಂದರಾಗ ಪಾಮನಕಲ್ಲೂರು ಸಾಲಿಗೆ ಟೀಚರ್ ಅಂತ ಆರ್ಡರ್ ಬಂದಿತ್ತು.

"ನೌಕರಿ ಬಂತಲ್ಲ, ಇನ್ನ ಒಡಿಯವ್ವ. ಏನಂತಾರೋ ಕೇಳೂಣು," ಅಂದ್ಲು ಆಯಿ.

ಒಡದೆ. ಸಾಲ, ಬಡ್ಡಿ, ಬಡ್ಡಿ ಮ್ಯಾಲೆ ಬಡ್ಡಿ. ಆರನೇದ್ರಾಗ, ಹದಿನೈದು ದಿನದಾಗ ಕಟ್ಟದಿದ್ರ ಜಾಮೀನುದಾರಳ ಮನಿ ಜಪ್ತಿ ಅಂತ ಇತ್ತು. ತಾರೀಖು ನೋಡಿದೆ. ನಾಕು ದಿನ ಉಳಿದಿದ್ವು.

ಸುಳ್ಳು ಬಾಯಿತನ ಬಂತು, ಆದ್ರ ಹೇಳಾಕ ಆಗಲಿಲ್ಲ. ಎಲ್ಲಾ ಓದಿ ಹೇಳಿದೆ. ನನ್ನ ಮ್ಯಾಲೆ ನನಗೇ ಹೇಸಿಗಿ ಬಂತು.

"ನಾಳೆ ಲಿಂಗಸುಗೂರಿನ ಸಾಲದ ಆಫೀಸಿಗೆ ಹೋಗಿ ಪಗಾರದಾಗ ಹಿಡ್ಕೊಳ್ರಿ ಅಂತ ಬರಕೊಡ್ತೀನಿ. ಕೊಳ್ಳಾಗಿನ ಸರಾನೂ ಮಾರ್ತೀನಿ. ನಿನ್ನ ಮನಿ ಹೋಗಗೊಡಂಗಿಲ್ಲ ಆಯಿ."

ಆಯಿ ಸೆರಗಿಲೆ ಲಕೋಟಿಗಳ ಕುಂಕುಮ ಒರಸಿದ್ಲು. "ಥೂ! ಆರು ವರ್ಷ ಜಪ್ತಿಗೆ ಊದಿನಕಡ್ಡಿ ಬೆಳಗೀನಲ್ಲಬೇ!" ಅಂತ ನಕ್ಕಳು. ನಗತಾ ನಗತಾ ಕಣ್ಣಾಗ ನೀರು ಬಂದ್ವು.

ಆಮ್ಯಾಲೆ ಎದ್ದು ಟ್ರಂಕಿನ್ಯಾಗಿಂದ ಒಂದು ಅರ್ಜಿ ತಂದು ನನ್ನ ಮುಂದಿಟ್ಳು. ಮೊಮ್ಮಗಳು ಪಕೀರಮ್ಮಂದು. ಸಿಂಧನೂರು ಕಾಲೇಜು ಓದಾಕ ಅಂಥದ್ದೇ ಸಾಲ. ಜಾಮೀನಿನ ಜಾಗ ಖಾಲಿ ಇತ್ತು.

"ಇಷ್ಟೆಲ್ಲಾ ಆದ ಮ್ಯಾಲೂ ಸಾಲ ಬೇಕೇನಬೇ?"

"ಓದೂದು ಬಿಡಸ್ಲೇನು? ಇಕಿ ಲಕೋಟಿ ನಿನ್ನ ಮನಿಗೆ ಬರ್ತಾವ. ನಿನಗ ಓದಾಕ ಬರ್ತೈತಿ. ಹಾಕು ಸಹಿ."

ಹಾಕಿದೆ. ಕೆಳಗ ನನ್ನ ವಿಳಾಸ ದೊಡ್ಡ ಅಕ್ಷರದಾಗ ಬರದೆ.